ಕರಿಯ ಕವಚ

ಈ ತಿಂಗಳ ವಿಷಯವನ್ನು ಕಂಡು ವಾಚಕ ಮಹಾಶಯರು ಮುಗುಳ್ನಗಬಹುದು. ಅರವತ್ತನ್ನು ಮುಟ್ಟಿದ ಸಂಸ್ಕೃತದ ಮೇಷ್ಟರೊಬ್ಬನು ಆಟದ ಬೊಂಬೆಗಳಿಗೆ ಬಣ್ಣ ಹಚ್ಚುವುದನ್ನು ಕುರಿತು ಬರೆಯಹೊರಟರೆ ನಗು ಬರುವುದು ಸಹಜವೇ ಸರಿ. ಆದರೆ ಒಳ್ಳೆಯ ಮಾತು ಬಾಲಕನ ಬಾಯಿಂದ ಬಂದರೂ ಗ್ರಾಹ್ಯವೆಂದು ಹಿರಿಯರು ಹೇಳಿರುವರಷ್ಟೆ. ಆ ಮಾತನ್ನು ನಾನು ಮೂವತ್ತಮೂರು ವರ್ಷಗಳ ಕಾಲ ಹುಡುಗರ ಕೈಯಲ್ಲಿ ಕಾಪಿ ಬರೆಯಿಸಿದವನೇ ಹೊರತು ಆಚರಿಸಿ ನೋಡಿದವನಲ್ಲ. ಆಚರಿಸುವ ಕಾಲವು ಹೇಗೆ ಬಂದಿತೆಂಬುದನ್ನು ಇಲ್ಲಿ ನಿವೇದಿಸುತ್ತೇನೆ.

ಕಳೆದ ಬೇಸಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರಕ್ಕೆ ಹೋಗಿದ್ದೆನು. ಮೂರು ತಿಂಗಳ ವಾಸ. ಮೊಮ್ಮಗನಿಗೆ ಹನ್ನೆರಡು ವರ್ಷ; ಹುಟ್ಟಿ ಬೆಳೆದುದೆಲ್ಲ ಅಲ್ಲಿಯೇ. ಕನ್ನಡವು ಅವನಿಗೆ ಅರ್ಥವಾಗುವುದು. ಆಡುವುದಕ್ಕೆ ಮಾತ್ರ ಸಂಕೋಚ. “ಊಟವಾಯಿತೆ, ಮಗು?” “ಆಯ್ತು ತಾತ.” “ಶಾಲೆಯಲ್ಲಿ ಇಂದು ಏನು ಪಾಠ?” “ಏನೂ ಇಲ್ಲ ತಾತ.” ಇಷ್ಟಕ್ಕೆ ನಮ್ಮ ಸಂಭಾಷಣೆಯು ಮುಗಿಯುತ್ತಿತ್ತು. ಇದಕ್ಕೆ ಪರಿಹಾರವೆಂದು ನಾನು ರಾಮಶಬ್ದವನ್ನು ಹೇಳಿಕೊಡಲು ಹೊರಟೆನು. ಹುಡುಗನು ಮರ್ಯಾದೆಯಿಂದ ಎರಡು ದಿನ ಕುಳಿತಿದ್ದು, ಮೂರನೆಯ ದಿನ ತನ್ನ ಕೊಠಡಿಯ ಬಾಗಿಲನ್ನು ಹಾಕಿಕೊಂಡನು. ಆ ಬಾಗಿಲ ಹಿಂದೆ ಅವನು ಬೊಂಬೆಗಳಿಗೆ ಬಣ್ಣ ಹಚ್ಚುತ್ತಿರುವನೆಂದು ಮಗಳು ಹೇಳಿದಳು. ಕಾಲಹರಣವೆಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆನು.

ಆ ಬೊಂಬೆಗಳ ವಿಷಯವನ್ನು ಸ್ವಲ್ಪ ಹೇಳಬೇಕು. ನಾಟಿಂಗ್‌ಹ್ಯಾಮಿನಲ್ಲಿ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯ ಮುಖ್ಯ ಕಾರ್ಯಸ್ಥಾನವಿರುವುದು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಸಂಸ್ಥೆಯು 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಯುದ್ಧಕ್ರೀಡೆಯನ್ನು ಪ್ರಕಟಿಸಿತು. ಅದರ ಕಥೆ ನಡೆಯುವುದು ನಮ್ಮ ಕಾಲಕ್ಕಿಂತ ಸುಮಾರು ಮೂವತ್ತೆಂಟು ಸಾವಿರ ವರ್ಷಗಳ ಮುಂದೆ, ನಕ್ಷತ್ರಲೋಕಗಳ ನಡುವೆ. ಮೇಜಿನ ಮೇಲೆ ಗುಡ್ಡಗಳನ್ನೂ ಪಾಳುಗೋಡೆಗಳನ್ನೂ ಜೋಡಿಸಿ, ಅಳತೆಪಟ್ಟಿಯಿಂದ ದೂರವನ್ನು ಅಳೆದು, ದಾಳಗಳನ್ನು ಉರುಳಿಸಿ, ಆಟಗಾರರು ತಂತಮ್ಮ ಸೈನ್ಯಗಳನ್ನು ನಡೆಯಿಸುವರು. ಚತುರಂಗವನ್ನು ಬಲ್ಲ ನಮಗೆ ಇದರ ಮೂಲಭಾವವು ಹೊಸದಲ್ಲ. ಇಂಗ್ಲಿಷ್ ಕಾದಂಬರಿಕಾರನಾದ ಎಚ್. ಜಿ. ವೆಲ್ಸನು 1913ರಷ್ಟು ಹಿಂದೆಯೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟದ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಹಾಕಿಕೊಟ್ಟಿದ್ದನು.

ಬೊಂಬೆಗಳು ಬಿಡಿಬಿಡಿಯಾದ ತುಂಡುಗಳಾಗಿ, ಬಣ್ಣವಿಲ್ಲದೆ ಬರುವುವು. ಅಂಟಿಸಿ ಬಣ್ಣ ಕೊಡತಕ್ಕವನು ಆಡುವವನೇ. ಅವುಗಳಲ್ಲಿ ಪ್ರಸಿದ್ಧರಾದವರು ಸ್ಪೇಸ್ ಮರೀನ್ ಎಂಬ ಯೋಧರು. ಹೆಬ್ಬೆರಳಿನಷ್ಟು ಎತ್ತರ, ಮೈಯೆಲ್ಲ ಉಬ್ಬಿದ ಕವಚ, ಪಂಗಡಕ್ಕೊಂದು ಬಣ್ಣ. ನನ್ನ ಮೊಮ್ಮಗನು ಆರಿಸಿಕೊಂಡಿದ್ದುದು ಬ್ಲ್ಯಾಕ್ ಟೆಂಪ್ಲರ್ಸ್ ಎಂಬ ಪಂಗಡ. ಅವರದು ಕರಿಯ ಕವಚ, ಬಿಳಿಯ ಭುಜತ್ರಾಣ, ಅದರ ಮೇಲೆ ಕರಿಯ ಶಿಲುಬೆ.

ಒಂದು ದಿನ ಅವನು ಶಾಲೆಗೆ ಹೋಗಿದ್ದಾಗ ಕೊಠಡಿಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಬಣ್ಣ ಕಾಣದ ಒಂದು ಬೊಂಬೆ ನಿಂತಿತ್ತು. ಅದು ದಳದ ನಾಯಕನ ಬೊಂಬೆಯೆಂದೂ, ಹುಡುಗನು ಅದನ್ನು ಹುಟ್ಟುಹಬ್ಬದ ಹಣದಲ್ಲಿ ಕೊಂಡುದೆಂದೂ ನನಗೆ ತಿಳಿಯದು. ಸಹಾಯ ಮಾಡಿದರೆ ಮೊಮ್ಮಗನು ಮೆಚ್ಚಿಯಾನೆಂಬ ಆಸೆ. ಕಪ್ಪೆಂದರೆ ಕಪ್ಪು, ಅದರಲ್ಲಿ ಕಲಿಯತಕ್ಕದ್ದೇನಿದೆ ಎಂದುಕೊಂಡು, ಬಣ್ಣಕ್ಕೆ ನೀರು ಬೆರೆಸಿ, ಅಡಿಯಿಂದ ಮುಡಿಯವರೆಗೆ ಎರಡು ಸಲ ಬಳಿದೆನು. ಒಣಗಿದ ಮೇಲೆ ದೂರವಿಟ್ಟು ನೋಡುತ್ತೇನೆ, ಯೋಧನೇ ಇಲ್ಲ! ಯೋಧನ ಆಕಾರದ ಒಂದು ಇದ್ದಿಲಿನ ತುಂಡು ನಿಂತಿದೆ. ಎದೆಯ ಮೇಲಿನ ಕೆತ್ತನೆ, ಮೊಣಕಾಲಿನ ತಟ್ಟೆ, ಬೆರಳುಗಳ ಸಂದು, ಎಲ್ಲವೂ ಅಡಗಿಹೋಗಿದ್ದುವು.

ಸಂಜೆ ಹುಡುಗನು ಬಂದು ನೋಡಿದನು. ಮುಖವು ಬಾಡಿತು. ಅಳುವನೋ ರೇಗುವನೋ ಎಂದು ನಾನು ನಿಂತಿದ್ದೆನು. ಅವನು ಬೊಂಬೆಯನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ, “ಹಾಳಾಗಿಲ್ಲ ತಾತ. ಇನ್ನೂ ಮುಗಿದಿಲ್ಲ, ಅಷ್ಟೆ” ಎಂದನು.

ವಾಚಕರೆ, ಹುಡುಗರ ಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ನಾನು ಬರೆದ ‘ತಪ್ಪು’ಗಳಿಗೆ ಲೆಕ್ಕವಿಲ್ಲ. ಒಂದು ಪುಸ್ತಕದಲ್ಲಾದರೂ ‘ಇನ್ನೂ ಮುಗಿದಿಲ್ಲ’ ಎಂದು ಬರೆದ ನೆನಪು ನನಗಿಲ್ಲ. ಆ ಸಂಜೆಯೇ ನಾನು ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಶಿಷ್ಯನಾಗಿ ಕುಳಿತೆನು.

ಅವನು ಕೇಳಿದ ಮೊದಲನೆಯ ಪ್ರಶ್ನೆ: “ಕಪ್ಪು ಹೇಗೆ ಕಾಣಿಸುತ್ತೆ ತಾತ?” ಇದು ನಾನು ಪಾಠಶಾಲೆಯಲ್ಲಿ ಓದಿದ ಪ್ರಶ್ನೆಯೇ. ತಮಸ್ಸು ಕಪ್ಪಾಗಿ ಕಾಣುವುದರಿಂದಲೂ ಚಲಿಸುವಂತೆ ತೋರುವುದರಿಂದಲೂ ಅದೊಂದು ದ್ರವ್ಯವೆಂದು ಭಾಟ್ಟ ಮೀಮಾಂಸಕರು ವಾದಿಸುವರು. ತೇಜಸ್ಸಿನ ಅಭಾವವೇ ತಮಸ್ಸೆಂದು ನೈಯಾಯಿಕರು ಉತ್ತರ ಕೊಡುವರು. ಬಣ್ಣ ಹಚ್ಚುವವನಿಗೆ ನೈಯಾಯಿಕರ ಮಾತೇ ಉಪಯೋಗಕ್ಕೆ ಬರುವುದು. ಕರಿಯ ವಸ್ತುವೆಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅತ್ಯಲ್ಪ ಭಾಗವನ್ನು ಮಾತ್ರ ಹಿಂದಕ್ಕೆ ಕೊಡುವ ವಸ್ತು. ಸಾಮಾನ್ಯವಾದ ಕಪ್ಪು ಬಣ್ಣವು ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಿರುಗಿಸುವುದು. ಆ ನಾಲ್ಕೈದು ಪಾಲಿನಿಂದಲೇ ನಾವು ಅದರ ಉಬ್ಬುತಗ್ಗುಗಳನ್ನು ತಿಳಿಯುವುದು. ನಡುಹಗಲ ಬಿಸಿಲಿನಲ್ಲಿ ಬಿಚ್ಚಿದ ಕರಿಯ ಕೊಡೆಯು, ಮನೆಯೊಳಗಿನ ಮಬ್ಬಿನಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಹೆಚ್ಚು ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುವುದು. ಆದರೂ ಕೊಡೆಯು ಕಪ್ಪೆಂದೂ ಕಾಗದವು ಬಿಳಿದೆಂದೂ ಕಣ್ಣು ನಿರ್ಣಯಿಸುವುದು. ಸುತ್ತಲಿನದರೊಡನೆ ಹೋಲಿಸಿ ನೋಡುವುದೇ ಕಣ್ಣಿನ ಸ್ವಭಾವ.

ಗರ್ಭಗುಡಿಯ ಕೃಷ್ಣಶಿಲೆಯ ಮೂರ್ತಿಯನ್ನು ನೆನೆಯಿರಿ. ಮಂಗಳಾರತಿಯು ಏಳುವವರೆಗೆ ಕತ್ತಲಲ್ಲಿ ಕತ್ತಲಾಗಿ ನಿಂತಿರುವುದು. ದೀಪವು ಮೇಲೇರಿದೊಡನೆ ಮೂಗಿನ ತುದಿ, ಕೆನ್ನೆಯ ಉಬ್ಬು, ಕಿರೀಟದ ಅಂಚು ಒಂದೊಂದಾಗಿ ಹೊಳೆದು ಮುಖವು ಮೂಡುವುದು. ಆಗಲೂ ಶಿಲೆಯು ಕಪ್ಪಾಗಿಯೇ ಇರುವುದು. ಹೊಳೆದದ್ದು ಅಂಚು ಮಾತ್ರ. ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. ಇಂಗ್ಲೆಂಡಿನ ಸರ್ರೆ ನ್ಯಾನೋಸಿಸ್ಟಮ್ಸ್ ಎಂಬ ಸಂಸ್ಥೆಯವರು 2014ರಲ್ಲಿ ಪ್ರಕಟಪಡಿಸಿದ ವ್ಯಾಂಟಾಬ್ಲ್ಯಾಕ್ ಎಂಬ ಲೇಪವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 99.965 ಪಾಲನ್ನು ನುಂಗುವುದು. ಅದನ್ನು ಹಚ್ಚಿದ ಮುಖವಾಡದಲ್ಲಿ ಮೂಗೂ ಇಲ್ಲ, ಕಣ್ಣೂ ಇಲ್ಲ. ಚಪ್ಪಟೆಯಾದ ಒಂದು ರಂಧ್ರದಂತೆ ತೋರುವುದು. ನಾನು ಬೊಂಬೆಗೆ ಮಾಡಿದ್ದುದೂ ಬಹುಮಟ್ಟಿಗೆ ಇದೇ.

ಹಾಗಾದರೆ ಕೊಠಡಿಯ ದೀಪವೇ ಬೊಂಬೆಯ ಮೇಲೆ ಬೀಳುತ್ತಿರುವಾಗ ಬೆಳಕನ್ನು ಬಣ್ಣದಿಂದ ಬರೆಯುವುದೇಕೆಂದು ಯಾರಾದರೂ ಕೇಳಬಹುದು. ನಾನೂ ಕೇಳಿದೆನು. ಆಳೆತ್ತರದ ಕವಚದ ಮೇಲೆ ಗೇಣಗಲ ಹೊಳೆಯುವ ಬೆಳಕು, ಹೆಬ್ಬೆರಳಿನಷ್ಟು ಬೊಂಬೆಯ ಮೇಲೆ ಬಹಳ ಚಿಕ್ಕದಾಗುವುದು. ದೂರದಿಂದ ಅದು ಎದ್ದು ಕಾಣುವುದಿಲ್ಲ. ಆದ್ದರಿಂದ ಬೆಳಕು ಎಲ್ಲಿ ಬಿದ್ದೀತೋ ಅಲ್ಲಿ ಕುಂಚದಿಂದಲೇ ಅದನ್ನು ಇಡಬೇಕು. ಇನ್ನು ಕ್ರಮವನ್ನು ಹೇಳುತ್ತೇನೆ.

ಮೊದಲು ಬೊಂಬೆಯನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಿ, ಅಚ್ಚಿನ ಕೂಡುಗೆರೆಗಳನ್ನು ಚಾಕುವಿನಿಂದ ಹೆರೆಯತಕ್ಕದ್ದು. ಕೂಡುಗೆರೆಯು ಉಳಿದರೆ ಮುಂದೆ ಅದೂ ಒಂದು ಅಂಚೆಂದು ಕುಂಚವನ್ನು ವಂಚಿಸುವುದು. ಬಳಿಕ ಬಣ್ಣವು ಹಿಡಿಯುವುದಕ್ಕಾಗಿ ಪ್ರೈಮರಿನ ತೆಳುವಾದ ಲೇಪ.

ಎರಡನೆಯದು ಮೈಬಣ್ಣ. ಅಚ್ಚಗಪ್ಪನ್ನೇ ಎಲ್ಲೆಡೆಗೂ ಬಳಿದರೆ ಅದಕ್ಕಿಂತ ಕಪ್ಪಾದದ್ದು ಇನ್ನಿಲ್ಲವಾಗಿ, ಸಂದುಗಳ ನೆರಳಿಗೆ ಬಣ್ಣವೇ ಉಳಿಯುವುದಿಲ್ಲ. ಕವಚದ ಹಲಗೆಗಳಿಗೆ ಅತಿ ಗಾಢವಾದ ಬೂದು, ಸಂದುಗಳಿಗೆ ಅಚ್ಚಗಪ್ಪು, ಇದು ಮಾರ್ಗ. ಅವರು ಬಳಸುವ ಸಿಟಡೆಲ್ ಬಣ್ಣಗಳಲ್ಲಿ ಅಬಡಾನ್ ಬ್ಲ್ಯಾಕ್ ಎಂಬುದು ಅಚ್ಚಗಪ್ಪು. ಕಾರ್ವಸ್ ಬ್ಲ್ಯಾಕ್ ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ತಿಳಿ. ಹುಡುಗನು ನನ್ನ ಕೈಯಿಂದಲೇ ಹಲಗೆಗಳ ನಡುಭಾಗಕ್ಕೆ ಮಾತ್ರ ಈ ಎರಡನೆಯದನ್ನು ಹಚ್ಚಿಸಿದನು. ಸಂದುಗಳಲ್ಲಿ ನಾನು ಮೊದಲು ಬಳಿದಿದ್ದ ಕಪ್ಪು ಹಾಗೆಯೇ ಉಳಿದು ನೆರಳಾಯಿತು. ಮುಗಿದಿಲ್ಲವೆಂದು ಅವನು ಅಂದುದರ ಅರ್ಥವು ಆಗ ನನಗೆ ತಿಳಿಯಿತು.

ಮೂರನೆಯದು ಅಂಚು. ಸಣ್ಣ ಕುಂಚದ ತುದಿಯನ್ನು ಬಿಟ್ಟು ಅದರ ಮಗ್ಗುಲನ್ನು ಹಲಗೆಯ ಅಂಚಿನ ಮೇಲೆ ಮೆಲ್ಲನೆ ಎಳೆದರೆ, ಗೆರೆಯು ತಾನಾಗಿಯೇ ಅಂಚಿನಲ್ಲಿ ಕೂರುವುದು. ಮೊದಲು ಎಶಿನ್ ಗ್ರೇ ಎಂಬ ಗಾಢವಾದ ಬೂದು, ಎಲ್ಲ ಅಂಚುಗಳಿಗೂ. ಅನಂತರ ಡಾನ್‌ಸ್ಟೋನ್ ಎಂಬ ನಡುಬೂದು, ಮೇಲ್ಮೊಗವಾದ ಅಂಚುಗಳಿಗೆ ಮಾತ್ರ, ಇನ್ನೂ ಸಣ್ಣದಾಗಿ. ಕೊನೆಗೆ ಎರಡು ಅಂಚುಗಳು ಕೂಡುವ ಮೂಲೆಯಲ್ಲಿ ಬಿಳಿದಕ್ಕೆ ಸಮೀಪವಾದ ಒಂದು ಬಿಂದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ನೆರಳುಬೆಳಕನ್ನು ತೋರಿಸುವ ಕೆಲಸಕ್ಕೆ ‘ವರ್ತನಾ’ ಎಂದು ಹೆಸರು. ಅದರ ಮೂರು ಭೇದಗಳಲ್ಲಿ ಬಿಂದುಗಳಿಂದ ಮಾಡುವುದು ಒಂದು. ಇದನ್ನು ನಾನು ಹೇಳಿದಾಗ ಹುಡುಗನು ಬೆರಗಾಗಿ, “ಆಗಲೇ ಗೊತ್ತಿತ್ತಾ ತಾತ?” ಎಂದನು. ಸಂಸ್ಕೃತಗ್ರಂಥವೊಂದರ ವಿಷಯವಾಗಿ ಅವನು ತಾನಾಗಿ ಕೇಳಿದ ಮೊದಲನೆಯ ಪ್ರಶ್ನೆ ಅದು. ರಾಮಶಬ್ದದಿಂದ ಆಗದುದು ಒಂದು ಚುಕ್ಕೆಯಿಂದ ಆಯಿತು.

ನಾಲ್ಕನೆಯದು ಸಂಯಮ. ಬೆಳಕನ್ನು ಬರೆಯುವ ಉತ್ಸಾಹದಲ್ಲಿ ಗೆರೆಗಳು ಅಗಲವಾದರೆ ಕರಿಯ ಕವಚವು ಬೂದು ಕವಚವಾಗುವುದು. ನಾಲ್ಕರಲ್ಲಿ ಮೂರು ಪಾಲು ಕಪ್ಪಾಗಿಯೇ ಇರಬೇಕೆಂಬುದು ನನ್ನ ಗುರುವಿನ ನಿಯಮ. ಮೀರಿದರೆ, ಕಪ್ಪು ಬಣ್ಣವನ್ನು ಬಹಳ ನೀರಾಗಿ ಮಾಡಿ ಗೆರೆಯ ಮೇಲೆ ಸವರಿ ತಗ್ಗಿಸಬಹುದು. ನಾನು ಇದನ್ನು ಅನೇಕ ಸಲ ಮಾಡಬೇಕಾಯಿತು.

ಐದನೆಯದು, ಕಪ್ಪುಗಳಲ್ಲಿ ಭೇದ. ಕವಚ, ಚರ್ಮದ ಪಟ್ಟಿ, ಬಟ್ಟೆ ಮೂರೂ ಕಪ್ಪಾಗಿರುವಲ್ಲಿ ಒಂದೇ ಬೂದನ್ನು ಎಲ್ಲಕ್ಕೂ ಹಚ್ಚಿದರೆ ಯಾವುದು ಯಾವುದೆಂದು ತಿಳಿಯದು. ಗಟ್ಟಿಯಾದ ನುಣುಪು ಕವಚದ ಬೆಳಕು ಕಿರಿದಾಗಿಯೂ ಚೂಪಾಗಿಯೂ, ತುಸು ನೀಲಿ ಬೆರೆತೂ ಇರಬೇಕು. ಚರ್ಮಕ್ಕೆ ಕಂದು ಬೆರೆತ ಬೂದು. ಬಟ್ಟೆಗೆ ಮಡಿಕೆಗಳ ಮೇಲೆ ಅಗಲವಾಗಿ, ಮಂದವಾಗಿ ಹರಡಿದ ಬೆಳಕು. ಕಡೆಯಲ್ಲಿ ರಕ್ಷಣೆಗಾಗಿ ವಾರ್ನಿಷ್ ಬಳಿಯುವಾಗ ಪೂರ್ತಿ ಮಂಕಾದುದನ್ನು ಬಳಿದರೆ ಕಪ್ಪು ಬೆಳ್ಳಗೆ ಧೂಳುಹಿಡಿದಂತಾಗುವುದುಂಟು. ಸ್ವಲ್ಪ ಮೆರುಗುಳ್ಳದ್ದು ಲೇಸು.

ಆರನೆಯದು ನೆರೆಹೊರೆ. ಪ್ಯಾರಿಸ್ಸಿನ ಗೋಬ್ಲಾ ಎಂಬ ಪ್ರಸಿದ್ಧ ನೆಯ್ಗೆಶಾಲೆಯಲ್ಲಿ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದನು. ಅಲ್ಲಿಯ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂದು ದೂರು ಬಂದಿತು. ಪರೀಕ್ಷಿಸಿ ನೋಡಲಾಗಿ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೆಯ್ದಿದ್ದ ಇತರ ಬಣ್ಣಗಳೇ ಅದನ್ನು ಪೇಲವವಾಗಿ ತೋರಿಸುತ್ತಿದ್ದುವು. ಈ ವಿಚಾರವನ್ನೇ ಬೆಳೆಸಿ ಅವನು 1839ರಲ್ಲಿ ವರ್ಣಗಳ ಪರಸ್ಪರ ಪ್ರಭಾವವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಕರಿಯ ಕವಚಕ್ಕೂ ಇದೇ ನ್ಯಾಯ. ಬಿಳಿಯ ಭುಜತ್ರಾಣ, ಕಣ್ಣಿನ ಕೆಂಪು ಗಾಜು, ಕಾಲಡಿಯ ತಿಳಿಮಣ್ಣು ಇವು ಸೇರಿದ ಮೇಲೆಯೇ ನಮ್ಮ ನಾಯಕನ ಕಪ್ಪು ಕಪ್ಪೆನಿಸಿತು. ಅಲ್ಲಿಯವರೆಗೆ ನಾನು ಇನ್ನೂ ಕಪ್ಪು ಬೇಕೆಂದು ಹಟ ಹಿಡಿದಿದ್ದೆನು. ಹುಡುಗನು ಬಿಳಿದನ್ನು ಹಚ್ಚಿ ಮುಗಿಯುವವರೆಗೆ ಕಾಯಬೇಕೆಂದನು. ಕಾದೆನು. ಅವನು ಹೇಳಿದಂತೆಯೇ ಆಯಿತು.

ಆ ಬೊಂಬೆಗೆ ಒಂಬತ್ತು ಸಂಜೆಗಳು ಹಿಡಿದುವು. ಅಷ್ಟರಲ್ಲಿ ಅಂಚು, ಸಂದು, ಮೆರುಗು, ಮಬ್ಬು, ತಿಳಿ, ಗಾಢ ಎಂಬ ಮಾತುಗಳು ಹುಡುಗನ ಬಾಯಿಗೆ ಬಂದಿದ್ದುವು. ನಾನು ಅವನ್ನು ಪಾಠವಾಗಿ ಹೇಳಲಿಲ್ಲ. ಕೈಯಲ್ಲಿ ಕೆಲಸವಿದ್ದುದರಿಂದ ಮಾತು ಬೇಕಾಯಿತು, ಬೇಕಾದುದರಿಂದ ಬಂದಿತು. “ತಾತ, ಈ ಅಂಚು ಸ್ವಲ್ಪ ದಪ್ಪ ಆಯ್ತು” ಎಂದು ಅವನು ನನ್ನನ್ನು ತಿದ್ದಿದಾಗ, ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡುದನ್ನು ನಾನು ಕಂಡೂ ಕಾಣದಂತಿದ್ದೆನು.

ಹೊರಡುವ ದಿನ ಹುಡುಗನು ಬಣ್ಣವಿಲ್ಲದ ಒಂದು ಬೊಂಬೆಯನ್ನು ನನ್ನ ಚೀಲದೊಳಗಿಟ್ಟು, “ಇದು ಊರಿನಲ್ಲಿ ಮುಗಿಸೋದಕ್ಕೆ” ಎಂದನು. ಕೈ ಈಚೀಚೆಗೆ ಸ್ವಲ್ಪ ನಡುಗುವುದರಿಂದ ಕೆಲಸವು ನಿಧಾನವಾಗಿ ಸಾಗಿದೆ. ಎಡ ಭುಜದ ಅಂಚು ವಕ್ರವಾಗಿ, ಎರಡು ಸಲ ಅಳಿಸಿ ಬರೆದಿದ್ದೇನೆ. ಪ್ರತಿ ಭಾನುವಾರ ದೂರವಾಣಿಯಲ್ಲಿ ಮೊದಲು ಕೇಳಿಬರುವುದು ಅದೇ ಪ್ರಶ್ನೆ: “ಅಂಚು ಹೇಗೆ ಬಂತು ತಾತ?”

“ಇನ್ನೂ ಮುಗಿದಿಲ್ಲ, ಮಗು” ಎನ್ನುತ್ತೇನೆ.