ಮನೆಯ ಮಾತು: ವೀಳ್ಯವೂ ಉಂಗುರವೂ

ಗದಗಿನ ಸೀಮೆಯಲ್ಲಿ, ಸೊರಟೂರು, ಮುಳಗುಂದ, ಶಿರಹಟ್ಟಿಗಳ ಕಡೆಗೆ, ಲಗ್ನದ ಮಾತು ಗಟ್ಟಿಯಾಯಿತೆಂದ ಕೂಡಲೆ “ಉಂಗುರ ಎಷ್ಟು ಗುಂಜಿಯದು?” ಎಂಬ ಪ್ರಶ್ನೆಯು ಈಗ ಹುಟ್ಟುತ್ತದೆ. “ವೀಳ್ಯಕ್ಕೆ ಯಾರು ಯಾರು ಹಿರಿಯರು ಕೂತಿದ್ದರು?” ಎಂದು ಕೇಳುವ ವಾಡಿಕೆಯು ಹಿಂದಕ್ಕೆ ಬಿದ್ದಿದೆ. ಉಂಗುರವನ್ನು ಹಳಿಯುವದು ನಮ್ಮ ಉದ್ದೇಶವಲ್ಲ; ಆದರೆ ಕೊಟ್ಟ ಮಾತು ಎಲ್ಲಿ ನೆಲೆಸಿರುತ್ತದೆಂಬುದನ್ನು ವಾಚಕರು ಒಮ್ಮೆ ವಿಚಾರಿಸಿ ನೋಡಬೇಕೆಂದು ಬೇಡಿಕೊಳ್ಳುತ್ತೇವೆ.

ನಮ್ಮ ನುಡಿಯನ್ನೇ ನೋಡಿರಿ. ನಾವು ಮಾತು ಕೊಡುತ್ತೇವೆ, ಭಾಷೆ ಕೊಡುತ್ತೇವೆ, ಕೈಯಲ್ಲಿ ಕೈಯಿಟ್ಟು ಆಣೆ ಮಾಡುತ್ತೇವೆ. ಕಠಿಣವಾದ ಕೆಲಸಕ್ಕೆ ಮುಂದಾದವನು ವೀಳ್ಯ ಎತ್ತಿದನೆನ್ನುತ್ತೇವೆ. ಹಟ ತೊಟ್ಟವನು ಕಂಕಣ ಕಟ್ಟಿದನೆನ್ನುತ್ತೇವೆ. ಬಂಗಾರದ ಉಂಗುರದಿಂದ ಹುಟ್ಟಿದ ಇಂಥ ಮಾತು ನಮ್ಮಲ್ಲಿ ಬಳಕೆಗೆ ಬರಲಿಲ್ಲ. ಉಂಗುರವೆಂದರೆ ನಮ್ಮ ಹಿರಿಯರಿಗೆ ಆಭರಣ, ಇಲ್ಲವೆ ಅರಸನ ಮುದ್ರೆ. ಸಂಕಲ್ಪದ ಹೊತ್ತಿಗೆ ಅನಾಮಿಕೆಗೆ ತೊಡುವ ಪವಿತ್ರವೊಂದೇ ನಿಜವಾಗಿ ವಚನದ ಉಂಗುರವೆನ್ನಬಹುದು. ಅದಾದರೂ ದರ್ಭೆಯದು, ಕರ್ಮ ಮುಗಿದೊಡನೆ ಬಿಚ್ಚಿ ಹಾಕತಕ್ಕದ್ದು. ಅಕ್ಕಸಾಲಿಗನಿಗೆ ಅದರಿಂದ ಒಂದು ಕಾಸಿನ ಲಾಭವೂ ಇಲ್ಲ!

ನಿಶ್ಚಯದ ಹಳೆಯ ಸಾಮಾನಾದರೂ ಏನು? ಎಲೆ, ಅಡಿಕೆ, ಅರಿಷಿಣದ ಕೊಂಬು, ಉತ್ತತ್ತಿ, ಕೊಬ್ಬರಿಯ ಬಟ್ಟಲು, ಒಂದು ಕುಪ್ಪಸದ ಕಣ. ಮುತ್ತೈದೆಯರು ಹುಡುಗಿಯ ಉಡಿ ತುಂಬುವರು. ಎರಡೂ ಕಡೆಯ ಹಿರಿಯರು ಎಲೆಯಡಿಕೆ ಬದಲಿಸುವರು. ಕೂತವರೆಲ್ಲರಿಗೆ ಸಕ್ಕರೆ ಹಂಚುವರು. ಇವುಗಳಲ್ಲಿ ಮರುದಿನಕ್ಕೆ ಉಳಿಯುವ ಪದಾರ್ಥ ಕಡಿಮೆ. ಎಲೆ ಬಾಡುತ್ತದೆ, ಸಕ್ಕರೆ ಕರಗುತ್ತದೆ. ಉಳಿಯುವದು ಸಕ್ಕರೆ ತಿಂದವರ ನೆನಪು. ಬಡವನೂ ಸಿರಿವಂತನೂ ಇದೇ ಎಲೆಯನ್ನೇ ಕೊಡಬೇಕಾದ್ದರಿಂದ ಮಾತಿನ ತೂಕವನ್ನು ತಕ್ಕಡಿಯಲ್ಲಿ ಅಳೆಯುವ ಪ್ರಸಂಗವಿರಲಿಲ್ಲ.

ಭೂಮಿಯ ದಾನಕ್ಕೂ ಇದೇ ರೀತಿ. ಸೊರಟೂರು ಶಾಸನಗಳುಳ್ಳ ಹಳೆಯ ಊರು; 12ನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನಿಗೂ ಸೇವುಣರ ಭಿಲ್ಲಮನಿಗೂ ಕಾಳಗ ನಡೆದ ಸ್ಥಳ. ಗೆದ್ದ ಬಲ್ಲಾಳನು ಗದಗಿನ ತ್ರಿಕೂಟೇಶ್ವರನಿಗೆ ಊರನ್ನು ದತ್ತಿ ಬಿಟ್ಟ ಸಂಗತಿಯು 1192ರ ಶಾಸನದಲ್ಲಿದೆ. ಆ ಕಾಲದ ದತ್ತಿಗಳನ್ನು ಧಾರಾಪೂರ್ವಕವಾಗಿ, ಅಂದರೆ ಕೈಯ ಮೇಲೆ ನೀರೆರೆದು, ಸಾಕ್ಷಿಗಳ ಇದಿರಿನಲ್ಲಿ ಕೊಡುವದು ರೂಢಿ. ಮದುವೆಯಲ್ಲಿ ಧಾರೆ ಎರೆಯುವ ನೀರೂ ಅದೇ.

ನಿಶ್ಚಯದ ಉಂಗುರದ ತವರು ಬೇರೆ. ರೋಮದವರಲ್ಲಿ ವಾಗ್ದತ್ತೆಯಾದ ಕನ್ನಿಕೆಗೆ ಹರಳಿಲ್ಲದ ಕಬ್ಬಿಣದ ಉಂಗುರವನ್ನು ಕಳಿಸುವ ಪದ್ಧತಿಯು ತನ್ನ ಕಾಲದಲ್ಲಿಯೂ ಇತ್ತೆಂದು ಒಂದನೆಯ ಶತಮಾನದ ಪ್ಲಿನಿಯು ಬರೆದಿದ್ದಾನೆ. ಮುಂದೆ ಅದು ಬಂಗಾರದ್ದಾಗಿ ಕ್ರೈಸ್ತರ ವಿವಾಹವಿಧಿಯಲ್ಲಿ ಸ್ಥಾನ ಪಡೆಯಿತು. ಅವರಿಗೆ ಅದು ಅರ್ಥವುಳ್ಳ ವಿಧಿಯೇ. ನಮ್ಮಲ್ಲಿಗೆ ಪಟ್ಟಣದ ಫ್ಯಾಶನ್ನಿನ ಮೂಲಕವೂ ಸಿನಿಮಾದ ಮೂಲಕವೂ ಬಂದುದರಿಂದ, ಅರ್ಥವು ಹಿಂದೆ ಉಳಿದು ಖರ್ಚು ಮಾತ್ರ ಮೊದಲು ಬಂದಿತು.

ಈಗ ಇನ್ನೊಂದು ಬಗೆಯನ್ನು ಕೇಳುತ್ತೇವೆ. ಕಾಲೇಜಿಗೆ ಹೋಗುವ ತರುಣ ತರುಣಿಯರು ಮನೆಯವರಿಗೆ ತಿಳಿಸದೆ ‘ಪ್ರಾಮಿಸ್ ರಿಂಗ್’ ಎಂಬುದನ್ನು ಒಬ್ಬರಿಗೊಬ್ಬರು ತೊಡಿಸುತ್ತಾರಂತೆ. ಇದರ ಕಥೆಯನ್ನು ಕಾಳಿದಾಸನು ಎಂದೋ ಬರೆದಿಟ್ಟಿದ್ದಾನೆ. ಮಹಾಭಾರತದ ಶಕುಂತಲೆಗೆ ಉಂಗುರವಿಲ್ಲ. ಅದು ಕವಿಯು ನಾಟಕಕ್ಕಾಗಿ ಕಲ್ಪಿಸಿದ್ದು. ಚುರಮುರಿ ಶೇಷಗಿರಿರಾಯರು 19ನೆಯ ಶತಮಾನದಲ್ಲಿಯೇ ಆ ನಾಟಕವನ್ನು ನಮ್ಮ ಕಡೆಯ ಕನ್ನಡಕ್ಕೆ ತಂದರು. ಋಷಿಯು ಆಶ್ರಮದಲ್ಲಿಲ್ಲದಾಗ ಕೂಡಿದ ಮದುವೆ. ರಾಜಸಭೆಯಲ್ಲಿ ನಿಂತಾಗ ಅವಳಿಗೆ ಆಧಾರವೆಂದರೆ ಬೆರಳಿನ ಉಂಗುರವೊಂದೇ. ಅದು ನೀರಿನಲ್ಲಿ ಜಾರಿದ ಬಳಿಕ ಅವಳ ಮಾತನ್ನು ನಂಬಿದವರಾರು? ಶಾಪದ ಸಂಗತಿಯನ್ನು ಬದಿಗಿಟ್ಟು ನೋಡಿದರೂ, ಅಪಮಾನವೆಲ್ಲ ಹೆಣ್ಣಿನ ಪಾಲಿಗೇ ಬಂದಿತು. ಇಂದಿಗೂ ಗುಟ್ಟಿನ ಮಾತು ಮುರಿದರೆ ಊರು ಆಡಿಕೊಳ್ಳುವದು ಅವಳನ್ನೇ.

ಹಾಗೆಂದು ಹಳೆಯದೆಲ್ಲವೂ ನಿರ್ದೋಷವೆಂದು ನಾವು ಹೇಳಲಾರೆವು. ವೀಳ್ಯವು ತಂದೆ ತಂದೆಯರ ಕೈಯಲ್ಲಿ ಬದಲಾಗುತ್ತಿತ್ತು; ಹುಡುಗಿಯನ್ನು ಕೇಳಿದವರು ಎಷ್ಟು ಜನ? ಸೋದರಿಕೆಯ ಮನೆಗಳಲ್ಲಂತೂ ಕೂಸು ತೊಟ್ಟಿಲಲ್ಲಿರುವಾಗಲೇ “ಇವಳು ನನ್ನ ಸೊಸೆ” ಎಂದು ಅತ್ತೆಯು ಮಾತು ತೆಗೆದುಕೊಳ್ಳುವದಿತ್ತು. ತಾನು ಕೊಡದ ಮಾತಿಗೆ ಆ ಕೂಸು ಜನ್ಮವಿಡೀ ಕಟ್ಟುಬಿದ್ದಿತು. ಉಂಗುರದಲ್ಲಿ ಒಂದು ಗುಣವುಂಟು: ಬಾಳುವೆ ಮಾಡತಕ್ಕವರೇ ಬೆರಳನ್ನು ಮುಂದೆ ಚಾಚಬೇಕು. ಎಲ್ಲರ ಇದಿರಿನಲ್ಲಿ ಮನಸ್ಸಿನಿಂದ ಚಾಚಿದ ಬೆರಳಾದರೆ ಅದು ವೀಳ್ಯದ ಕೊರತೆಯನ್ನು ತುಂಬುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಿರಿ. ಉಂಗುರವು ಬೆಳ್ಳಿಯದಿದ್ದರೂ ಸಾಕು.

ಉಂಗುರ ತೊಡಿಸಿದರೆ ಮದುವೆ ಅರ್ಧವಾದಂತೆಯೇ ಎಂಬ ಭ್ರಮೆಯೂ ಬೇಡ. 1955ರ ಹಿಂದೂ ವಿವಾಹ ಕಾಯದೆಯಂತೆ ಎರಡರಲ್ಲೊಂದು ಪಕ್ಷದ ರೂಢಿಯ ವಿಧಿಗಳಿಂದ ಮದುವೆ ನಡೆಯತಕ್ಕದ್ದು. ತಮಿಳುನಾಡಿನಲ್ಲಿ 1967ರ ತಿದ್ದುಪಡಿಯಿಂದ, ಬಂಧುಮಿತ್ರರ ಇದಿರಿನಲ್ಲಿ ಪರಸ್ಪರ ಒಪ್ಪಿಗೆಯನ್ನು ಸಾರಿ ಉಂಗುರ ತೊಡಿಸಿದರೂ ಮದುವೆಯಾಗುತ್ತದೆ. ನಮ್ಮಲ್ಲಿ ಅಂಥ ಕಾಯದೆಯಿಲ್ಲ. ನಿಶ್ಚಯವು ಮುರಿದರೆ ಒಡವೆ ವಸ್ತ್ರಗಳನ್ನು ತಿರುಗಿ ಕೊಡುವಾಗ, ಸಕ್ಕರೆ ತಿಂದ ಹಿರಿಯರಲ್ಲಿ ನಾಲ್ವರನ್ನಾದರೂ ಕರೆದು, ಎಣಿಸಿ ಒಪ್ಪಿಸಿ, ಕಾರಣವನ್ನು ಅವರ ಮುಂದೆಯೇ ಹೇಳಿಬಿಡುವದು ಒಳಿತು. ಹುಡುಗಿಯ ತಂದೆಯು ಅಳುಕದೆ ಇದನ್ನು ಕೇಳಿಕೊಳ್ಳಬೇಕು. ಮುಂದೆ ಬರುವ ವರನ ಕಡೆಯವರು ವಿಚಾರಿಸಲು ಹೋಗುವದು ಆ ನಾಲ್ವರ ಮನೆಗೇ.