ಹೆಸರು ಮರೆತ ಯುದ್ಧದ ಸಿನಿಮಾ

ಹೆಸರು ನೆನಪಿಲ್ಲದ ಒಂದು ಸಿನಿಮಾ ನಮ್ಮೆಲ್ಲರ ತಲೆಯಲ್ಲೂ ಇರುತ್ತದೆ. ಚಿಕ್ಕಂದಿನಲ್ಲಿ ಯಾರದೋ ಮನೆಯ ಟಿ.ವಿ.ಯಲ್ಲಿ ಅರ್ಧದಿಂದ ನೋಡಿದ್ದು, ಕರೆಂಟ್ ಹೋಗಿ ಕೊನೆ ಕಾಣದೇ ಉಳಿದದ್ದು. ನಾಯಕ ಯಾರೆಂದು ಗೊತ್ತಿಲ್ಲ, ಭಾಷೆ ಯಾವುದೆಂದೂ ಖಚಿತವಿಲ್ಲ. ಒಂದೆರಡು ದೃಶ್ಯ ಮಾತ್ರ ನಿನ್ನೆ ನೋಡಿದಷ್ಟು ಸ್ಪಷ್ಟ. ಇಂಥ ಸಿನಿಮಾದ ಹೆಸರು ಹುಡುಕುತ್ತ ಕೂರುವುದನ್ನು ದೊಡ್ಡವರು ‘ಕೆಲಸವಿಲ್ಲದವರ ಕೆಲಸ’ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಸಿನಿಮಾ ನಿಮ್ಮ ಬದುಕಿನ ಒಂದು ನಿರ್ಧಾರಕ್ಕೆ ಕಾರಣವಾಗಿದ್ದರೆ, ಅದನ್ನು ಹುಡುಕಿ ಪೂರ್ತಿ ನೋಡುವುದು ಅರ್ಜಿ ತುಂಬುವಷ್ಟೇ ಮುಖ್ಯ.

ಹೀಗೆ ಹೇಳಲು ಕಾರಣ ಬಡವನಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ. ದಿನವೂ ಮಧುಗಿರಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಕೊನೆಯ ವರ್ಷ ಓದುತ್ತಿದ್ದಾನೆ. ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಶಿರಾ ರಸ್ತೆಯಲ್ಲಿ ಓಡುತ್ತಾನೆ. ಅಗ್ನಿವೀರನಾಗಬೇಕು ಎಂಬುದು ಅವನ ಹಟ. ಪರೀಕ್ಷೆ ಹತ್ತಿರವಿದ್ದರೂ ಪುಸ್ತಕ ಮುಟ್ಟುತ್ತಿಲ್ಲ, ಡಿಗ್ರಿ ಬಿಟ್ಟರೂ ಪರವಾಗಿಲ್ಲ ಎನ್ನುತ್ತಿದ್ದಾನೆ ಎಂದು ಚಿಕ್ಕಮ್ಮ ಫೋನಿನಲ್ಲಿ ಅಳಲು ತೋಡಿಕೊಂಡರು. ಊರಿಗೆ ಹೋದಾಗ ಅವನನ್ನೇ ಕೇಳಿದೆ. ‘ಮೂರನೇ ಕ್ಲಾಸಲ್ಲೋ ನಾಲ್ಕನೇ ಕ್ಲಾಸಲ್ಲೋ ಒಂದು ಸಿನಿಮಾ ನೋಡಿದ್ದೆ ಅಣ್ಣ. ಅವತ್ತೇ ಡಿಸೈಡ್ ಮಾಡ್ದೆ’ ಎಂದ. ಯಾವ ಸಿನಿಮಾ ಎಂದರೆ ಹೆಸರು ಗೊತ್ತಿಲ್ಲ.

ಅವನಿಗೆ ನೆನಪಿದ್ದದ್ದು ನಾಲ್ಕು ಸಂಗತಿ. ಹಿಮ ಬಿದ್ದ ಬೋಳು ಬೆಟ್ಟ. ಹಗ್ಗ ಹಿಡಿದು ಕಡಿದಾದ ಬಂಡೆ ಹತ್ತುವ ಸೈನಿಕರು. ತುದಿಯಲ್ಲಿ ಹಾರುವ ಬಾವುಟ. ಯುದ್ಧಕ್ಕೆ ಹೊರಡುವ ಮುನ್ನ ಅಪ್ಪನಿಗೆ ಫೋನ್ ಮಾಡುವ ಮಗ. ಆ ಮಾತುಗಳನ್ನು ಅವನು ಕನ್ನಡದಲ್ಲೇ ಒಪ್ಪಿಸಿದ. ಬೆಟ್ಟ ಹೇಗಿತ್ತು ಎಂದು ಕೇಳಿದ್ದಕ್ಕೆ, ‘ನಮ್ ಮಧುಗಿರಿ ಬೆಟ್ಟದ ಥರಾನೇ ಅಣ್ಣ, ಒಂದೇ ಕಲ್ಲು, ಮೇಲೆ ಹಿಮ’ ಎಂದ.

ಮೊಬೈಲ್‌ನಲ್ಲಿ ಎಐಗೆ ಕೇಳಿ ನೋಡಿದ್ದನಂತೆ. ಅದು ಒಂದಿಷ್ಟೂ ತಡವರಿಸದೆ ಒಂದು ಹೆಸರು ಹೇಳಿತು. ಮರುದಿನ ಕೇಳಿದಾಗ ಅಷ್ಟೇ ಧೈರ್ಯವಾಗಿ ಇನ್ನೊಂದು ಹೆಸರು ಹೇಳಿತು. ಕೊನೆಗೆ ಇಬ್ಬರೂ ಕೂತು, ಅದು ಯಾವುದು ಅಲ್ಲ ಎಂಬುದನ್ನು ಒಂದೊಂದಾಗಿ ತೆಗೆದುಹಾಕುತ್ತ ಹೋದೆವು.

ಮಾತು ಕನ್ನಡದಲ್ಲಿ ನೆನಪಿದೆ ಎಂದಮೇಲೆ ಮೊದಲು ತಲೆಗೆ ಬಂದದ್ದು ‘ಮುತ್ತಿನ ಹಾರ’. ಎಸ್.ವಿ. ರಾಜೇಂದ್ರಸಿಂಗ್ ಬಾಬು 1990ರಲ್ಲಿ ತೆರೆಗೆ ತಂದ, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್. ಆದರೆ ನಮ್ಮ ಕಡೆಯ ಯಾವ ಹುಡುಗನಾದರೂ ಸಿನಿಮಾದ ಹೆಸರು ಮರೆತಾನು, ವಿಷ್ಣುವರ್ಧನ್ ಮುಖ ಮರೆಯುತ್ತಾನೆಯೇ? ಅದು ಹೋಯಿತು. ‘ಬಾರ್ಡರ್’ (1997) ಲೋಂಗೆವಾಲದ ಕಥೆ, 1971ರ ಯುದ್ಧ, ರಾಜಸ್ಥಾನದ ಮರಳುಗಾಡು. ಅಲ್ಲಿ ಹಿಮವೆಲ್ಲಿ? ಚೇತನ್ ಆನಂದ್ ಅವರ ‘ಹಕೀಕತ್’ (1964) ಲಡಾಖಿನದೇ, ಆದರೆ ಕಪ್ಪು ಬಿಳುಪು. ಇವನಿಗೆ ಬಾವುಟದ ಬಣ್ಣ ನೆನಪಿದೆ. ‘ಶೇರ್‌ಷಾ’ ಬಂದದ್ದು 2021ರಲ್ಲಿ, ಅಷ್ಟರಲ್ಲಿ ಇವನು ಪ್ರೈಮರಿ ಮುಗಿಸಿ ವರ್ಷಗಳೇ ಆಗಿದ್ದವು. ಉಳಿದದ್ದು ಕಾರ್ಗಿಲ್ ಕುರಿತ ಎರಡು: ಜೆ.ಪಿ. ದತ್ತಾ ಅವರ ‘ಎಲ್‌ಒಸಿ ಕಾರ್ಗಿಲ್’ (2003), ಫರ್ಹಾನ್ ಅಖ್ತರ್ ಅವರ ‘ಲಕ್ಷ್ಯ’ (2004). ಮೊದಲನೆಯದು ನಾಲ್ಕು ಗಂಟೆಗೂ ಮೀರಿದ್ದು, ತೆರೆಯ ತುಂಬ ನಟರು, ಒಬ್ಬೊಬ್ಬರೂ ಒಬ್ಬೊಬ್ಬ ನಿಜವಾದ ಯೋಧನ ಪಾತ್ರದಲ್ಲಿ. ಇವನ ನೆನಪಿನಲ್ಲಿರುವುದು ಒಬ್ಬನೇ ಹುಡುಗ. ಆಗ ಇವನಿಗೆ ಐದನೆಯ ಸಂಗತಿಯೊಂದು ಹೊಳೆಯಿತು: ‘ಮೈಕ್ ಹಿಡ್ಕೊಂಡು ಟಿ.ವಿ.ಯೋರು ಬರ್ತಾರಲ್ಲ, ಒಬ್ರು ಮೇಡಮ್ಮು!’ ‘ಲಕ್ಷ್ಯ’ದಲ್ಲಿ ಪ್ರೀತಿ ಜಿಂಟಾ ಟಿ.ವಿ. ವರದಿಗಾರ್ತಿ.

ಆ ಭಾನುವಾರ ಕೂತು ಇಡೀ ಸಿನಿಮಾ ನೋಡಿದೆವು. ಫೋನಿನ ದೃಶ್ಯ ಬಂದಾಗ ‘ಇದೇ, ಇದೇ’ ಎಂದು ಎದ್ದು ಕೂತ. ಮಾತೆಲ್ಲ ಹಿಂದಿಯಲ್ಲಿತ್ತು. ಅದು ಕನ್ನಡದಲ್ಲಿ ಬಂದಿರಲು ಸಾಧ್ಯವೂ ಇರಲಿಲ್ಲ. 1960ರ ದಶಕದ ಚಳವಳಿಯ ನಂತರ ಕನ್ನಡದಲ್ಲಿ ಡಬ್ಬಿಂಗ್ ನಿಂತಿತ್ತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದು, ಡಬ್ಬಿಂಗ್ ಸಿನಿಮಾಗಳು ಮತ್ತೆ ಚಿತ್ರಮಂದಿರ ಕಂಡದ್ದು 2017ರಲ್ಲಿ. ಅದಕ್ಕೂ ಮೊದಲೇ ಇವನ ನೆನಪು ಡಬ್ಬಿಂಗ್ ಮುಗಿಸಿಬಿಟ್ಟಿತ್ತು! ಬೆಟ್ಟವೂ ಮಧುಗಿರಿ ಬೆಟ್ಟದ ಹಾಗಿರಲಿಲ್ಲ.

ಇದು ಇವನೊಬ್ಬನ ಕಥೆಯಲ್ಲ. ಕೇಂಬ್ರಿಡ್ಜಿನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲಿ ಇಂಥದ್ದೇ ಪ್ರಯೋಗ ವಿವರಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಓದಲು ಕೊಟ್ಟು, ಕೆಲಕಾಲ ಬಿಟ್ಟು ಮತ್ತೆ ಹೇಳಿಸಿದರು. ಅದು ಕೂಡ ಯುದ್ಧದ ಕಥೆಯೇ: ‘ಭೂತಗಳ ಯುದ್ಧ’. ಓದುಗರು ಅಪರಿಚಿತ ವಿವರಗಳನ್ನು ಕೈಬಿಟ್ಟರು, ತಮಗೆ ಗೊತ್ತಿದ್ದುದನ್ನು ಸೇರಿಸಿದರು. ಆ ಜನರ ಪುಟ್ಟ ‘ಕನೂ’ ಸಾಧಾರಣ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಹಿಮಾಲಯದ ಬಂಡೆ ಮಧುಗಿರಿಯ ಏಕಶಿಲೆಯಾದದ್ದೂ ಹೀಗೆಯೇ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತೆಂದೂ ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತೆಂದೂ ಕೇಳಿದರು. ವಾರದ ನಂತರ, ಎರಡನೆಯ ಗುಂಪಿನವರಲ್ಲಿ ಹೆಚ್ಚು ಮಂದಿ ಒಡೆದ ಗಾಜನ್ನು ನೋಡಿದ್ದಾಗಿ ಹೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ನೆನಪು ಕಪಾಟಿನಲ್ಲಿಟ್ಟ ಕ್ಯಾಸೆಟ್ ಅಲ್ಲ. ಪ್ರತಿ ಸಲ ತೆಗೆದಾಗಲೂ ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುವಂಥದ್ದು.

ಭಾಷೆ, ಬೆಟ್ಟ ಬದಲಾದರೆ ನಷ್ಟವೇನಿಲ್ಲ. ಆದರೆ ‘ಲಕ್ಷ್ಯ’ದಲ್ಲಿ ಇವನು ಪೂರ್ತಿ ಮರೆತಿದ್ದ ಭಾಗವೇ ಬೇರೆ. ಸಿನಿಮಾದ ಮೊದಲರ್ಧದಲ್ಲಿ ಯುದ್ಧವೇ ಇಲ್ಲ. ಹೃತಿಕ್ ರೋಷನ್ ಮಾಡಿದ ಕರಣ್ ಎಂಬ ಹುಡುಗನಿಗೆ ಏನು ಮಾಡಬೇಕೆಂದು ಗೊತ್ತಿಲ್ಲ. ಗೆಳೆಯ ಸೇನೆಗೆ ಸೇರುತ್ತೇನೆಂದದ್ದಕ್ಕೆ ಇವನೂ ಅರ್ಜಿ ಹಾಕುತ್ತಾನೆ. ಗೆಳೆಯ ಹಿಂದೆ ಸರಿದರೂ ಅಪ್ಪನ ಮೇಲಿನ ಹಟಕ್ಕೆ ಅಕಾಡೆಮಿಗೆ ಹೋಗುತ್ತಾನೆ. ಅಲ್ಲಿನ ಶಿಸ್ತು ತಾಳದೆ ಓಡಿ ಬರುತ್ತಾನೆ. ಅದನ್ನು ಕಂಡು ಪ್ರೀತಿಸಿದವಳೇ ದೂರವಾಗುತ್ತಾಳೆ. ಆಮೇಲೆ ಯೋಚಿಸಿ, ಈ ಸಲ ತಾನೇ ನಿರ್ಧರಿಸಿ, ಮರಳಿ ಹೋಗಿ ಶಿಕ್ಷೆ ಅನುಭವಿಸಿ ತರಬೇತಿ ಮುಗಿಸುತ್ತಾನೆ. ಬಾವುಟ ಹಾರುವುದು ಇಷ್ಟೆಲ್ಲ ಆದ ಮೇಲೆ. ಅವನ ಜೊತೆ ಬಂಡೆ ಹತ್ತಿದ ಹಲವರು ಆ ಬಾವುಟ ನೋಡಲು ಉಳಿಯುವುದಿಲ್ಲ. ನನ್ನ ತಮ್ಮನ ನೆನಪಿನಲ್ಲಿ ಒಬ್ಬನೂ ಸತ್ತಿರಲಿಲ್ಲ.

ಇನ್ನೊಂದು ವಿಷಯ ಉದ್ಯೋಗ ಹುಡುಕುವ ಎಲ್ಲರಿಗೂ ಬೇಕಾದದ್ದು. ಕರಣ್ ಸೇರುವುದು ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ, ಅಧಿಕಾರಿಯಾಗಿ. ಆ ಬಾಗಿಲು ತೆರೆಯುವುದು ಸಿಡಿಎಸ್ ಪರೀಕ್ಷೆಯಿಂದ. ಯುಪಿಎಸ್‌ಸಿ ಇದನ್ನು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಪದವಿ ಬೇಕು, ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತದ ಪತ್ರಿಕೆಗಳು. ತೇರ್ಗಡೆಯಾದರೆ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ, ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಹೆಣ್ಣುಮಕ್ಕಳಿಗೂ ಇದೇ ಪರೀಕ್ಷೆಯ ಮೂಲಕ ಚೆನ್ನೈನ ಒಟಿಎಗೆ ದಾರಿಯಿದೆ. ಅಗ್ನಿಪಥ ಬೇರೆಯೇ ಬಾಗಿಲು. ಜೂನ್ 2022ರಲ್ಲಿ ಪ್ರಕಟವಾದ ಆ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ನಂತರ ಶೇ 25ರವರೆಗೆ ಮಾತ್ರ ಕಾಯಂ. ಉಳಿದವರು ಸೇವಾ ನಿಧಿಯ ಹಣದೊಂದಿಗೆ, ಪ್ರಕಟಣೆಯ ಪ್ರಕಾರ ಸುಮಾರು ₹ 11.71 ಲಕ್ಷ, ಊರಿಗೆ ಮರಳುತ್ತಾರೆ. ಎರಡೂ ಗೌರವದ ದಾರಿಗಳೇ. ಆದರೆ ಕಣ್ಣಲ್ಲಿ ಕರಣ್‌ನನ್ನು ಇಟ್ಟುಕೊಂಡ ಹುಡುಗ, ಕರಣ್ ಒಳಹೋದ ಬಾಗಿಲಿಗೆ ಬೇಕಾದ ಡಿಗ್ರಿಯನ್ನೇ ಬಿಡಲು ಹೊರಟಿದ್ದ. ಬಾಗಿಲು ಎರಡಿವೆ ಎಂದೇ ಅವನಿಗೆ ಗೊತ್ತಿರಲಿಲ್ಲ.

‘ಹುಡುಗನಿಗೆ ಒಂದು ಸ್ಫೂರ್ತಿ ಸಿಕ್ಕಿದೆ, ಸಾಕಲ್ಲ, ಅದನ್ನು ಕೆದಕಿ ಯಾಕೆ ಕೆಡಿಸುತ್ತೀಯ?’ ಎಂದು ಮನೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಬೆಳಗಿನ ಐದು ಗಂಟೆಗೆ ಚಳಿಯಲ್ಲಿ ಎಬ್ಬಿಸಿ 1.6 ಕಿ.ಮೀ. ಓಡಿಸುವ ಶಕ್ತಿ ಆ ಅರ್ಧ ನೆನಪಿಗೆ ಇದ್ದದ್ದು ಸುಳ್ಳಲ್ಲ. ಆದರೆ ಪೂರ್ತಿ ನೋಡಿದ ಮೇಲೆ ಉಳಿಯದ ಸ್ಫೂರ್ತಿ, ತರಬೇತಿಯ ಮೊದಲ ತಿಂಗಳಲ್ಲಿ ಉಳಿಯುತ್ತದೆಯೇ? ಉಳಿಯುವುದಾದರೆ ಪೂರ್ತಿ ನೋಡಲು ಭಯವೇಕೆ?

ಸಿನಿಮಾ ಪೂರ್ತಿ ನೋಡಿದರೂ ಅದು ಯುದ್ಧ ನೋಡಿದಂತಲ್ಲ, ನಿಜ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಕರಣ್ ಬಾವುಟ ನೆಟ್ಟ ಶಿಖರ ಕಥೆಗಾರರ ಕಲ್ಪನೆ. ಆದ್ದರಿಂದ ಅವನನ್ನು ನಮ್ಮ ಕಡೆಯ ನಿವೃತ್ತ ಸೈನಿಕರೊಬ್ಬರ ಬಳಿ ಕರೆದುಕೊಂಡು ಹೋದೆ. ಈಗ ಅವರು ಶೇಂಗಾ ಬೆಳೆಯುತ್ತ, ಹಸು ಕಟ್ಟಿಕೊಂಡು ಇದ್ದಾರೆ. ‘ಸಿನಿಮಾದಲ್ಲಿ ಗುಂಡು ಹಾರ್ಸೋದು ತೋರಿಸ್ತಾರೆ ಕಣಪ್ಪ. ಕಾಯೋದು ತೋರ್ಸಲ್ಲ. ನಾವು ಮಾಡಿದ್ದೆಲ್ಲ ಕಾಯೋದೇ. ಮಳೆಗೆ ಕಾಯೋನ ಮಗ ನೀನು, ಅದು ನಿಂಗೆ ಕಷ್ಟ ಆಗಲ್ಲ. ಆದ್ರೆ ಡಿಗ್ರಿ ಮುಗ್ಸು’ ಎಂದರು. ನಾನು ಎರಡು ಗಂಟೆ ಹೇಳಿದರೂ ಕೇಳದಿದ್ದುದನ್ನು ಅವರ ಬಾಯಲ್ಲಿ ಕೇಳಿದ.

ನಮ್ಮ ವಯಸ್ಸಿನವರ ಎಷ್ಟೋ ಆಸೆಗಳು ಹೀಗೆಯೇ ಅರ್ಧ ಕಂಡ ದೃಶ್ಯದಿಂದ ಹುಟ್ಟಿದವು. ಸೈರನ್ ಹಾಕಿದ ಜೀಪಿನಿಂದ ಇಳಿಯುವ ಅಧಿಕಾರಿಯನ್ನು ನೋಡಿ ಕೆಎಎಸ್‌ಗೆ ಕೂರುವವರಿದ್ದಾರೆ, ಕೋರ್ಟಿನಲ್ಲಿ ಗುಡುಗುವ ಲಾಯರನ್ನು ನೋಡಿ ಕಾನೂನು ಓದಲು ಬಂದವರಿದ್ದಾರೆ. ಆ ದೃಶ್ಯ ನೆನಪಿದೆ, ಅದರ ಹಿಂದಿನ ಹತ್ತು ವರ್ಷ ನೆನಪಿಲ್ಲ. ತಪ್ಪು ಆ ಆಸೆಯಲ್ಲಿಲ್ಲ. ಆದರೆ ಕೋಚಿಂಗಿಗೆ ಸಾಲ ಮಾಡುವ ಮುನ್ನ, ಓದು ಬಿಡುವ ಮುನ್ನ, ಆಸೆ ಎಲ್ಲಿಂದ ಬಂತೆಂದು ಒಮ್ಮೆ ಹಿಂದೆ ಹೋಗಿ ನೋಡುವುದು ಒಳ್ಳೆಯದು.

ಹುಡುಕುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ನೆನಪಿರುವುದನ್ನು ಯಾರನ್ನೂ ಕೇಳುವ ಮೊದಲು ಬರೆದಿಡಿ. ಬೇರೆಯವರ ಪ್ರಶ್ನೆಗಳೇ ನೆನಪನ್ನು ಬದಲಿಸುತ್ತವೆ. ಯಾವ ವರ್ಷ, ಯಾರ ಮನೆ, ಯಾವ ಟಿ.ವಿ. ಎಂಬುದು ಕಥೆಗಿಂತ ಗಟ್ಟಿಯಾದ ಸುಳಿವು. ಭಾಷೆಯನ್ನು ನಂಬಬೇಡಿ, ಅದರಲ್ಲೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಟಿ.ವಿ.ಯಲ್ಲಿ ಹಿಂದಿ ಕೇಳಿ ಬೆಳೆಯುವ ಮಧುಗಿರಿ, ಪಾವಗಡದ ಕಡೆಯವರು. ಯಾರಾದರೂ ತಡವರಿಸದೆ ಹೆಸರು ಹೇಳಿದರೆ, ಅದು ಮನುಷ್ಯನಾಗಲಿ ಯಂತ್ರವಾಗಲಿ, ನಿಮ್ಮ ಪಟ್ಟಿಯ ಒಂದೊಂದು ಸಂಗತಿಯನ್ನೂ ತಾಳೆ ನೋಡಿ. ಸಿಕ್ಕ ಮೇಲೆ ನಿಮಗೆ ಗೊತ್ತಿರುವ ದೃಶ್ಯಕ್ಕೇ ಓಡಿಸಬೇಡಿ, ಮೊದಲಿನಿಂದ ನೋಡಿ.

ತಮ್ಮ ಈಗಲೂ ಓಡುತ್ತಿದ್ದಾನೆ. ಅಗ್ನಿವೀರ ಅರ್ಜಿಯನ್ನು ಕೈಬಿಟ್ಟಿಲ್ಲ, ಜೊತೆಗೆ ಸಿಡಿಎಸ್‌ನ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತರಿಸಿಕೊಂಡಿದ್ದಾನೆ. ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಎಂಬುದು ಕನ್ನಡ ಮಾಧ್ಯಮದ ಹುಡುಗನಿಗೆ ಸಣ್ಣ ಬೆಟ್ಟವಲ್ಲ. ಹತ್ತುತ್ತಾನೋ ಇಲ್ಲವೋ ನಾನು ಹೇಳಲಾರೆ. ಆದರೆ ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದಾಗ, ಕಾಲೇಜಿನ ಪರೀಕ್ಷೆ ಶುಲ್ಕ ಕಟ್ಟಿದ ಎಂದರು.