ಹೊರಗಿನ ತಿಂಡಿಗೂ ಒಂದು ದಿನ ಇರಲಿ



ನಮ್ಮ ಹೆಚ್ಚಿನ ಹೋಟೆಲುಗಳ ಗೋಡೆಯ ಮೇಲೆ ಒಂದು ಬೋರ್ಡ್ ಇರುತ್ತದೆ: ‘ಹೊರಗಿನ ತಿಂಡಿ ತಿನಿಸು ತರಬಾರದು’. ಜೋಗೇಶ್ವರಿ ಪೂರ್ವದ ನಮ್ಮ ಹೋಟೆಲಿನಲ್ಲೂ ಇದೆ, ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಸಿದ್ದೇವೆ. ಬೋರ್ಡ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊರಗಿನಿಂದ ವಡಾಪಾವ್ ತಂದು, ನಮ್ಮ ಮೇಜಿನಲ್ಲಿ ಅರ್ಧ ಗಂಟೆ ಕೂತು, ಒಂದು ಕಟಿಂಗ್ ಚಾ ಕುಡಿದು ಹೋಗುವವರಿದ್ದಾರೆ. ಯಾರೋ ತಂದದ್ದನ್ನು ತಿಂದು ಹೊಟ್ಟೆ ಕೆಟ್ಟರೂ ಹೆಸರು ಕೆಡುವುದು ಹೋಟೆಲಿನದೇ. ಆದರೆ ಅದೇ ಬೋರ್ಡಿನಿಂದ ನಾವು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡೆವು. ಅದನ್ನು ತಿದ್ದಿಕೊಳ್ಳಲು ಏನು ಮಾಡಿದೆವು ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದು ಈ ನಾಲ್ಕು ಮಾತು.

ನಾವು ಊರು ಬಿಟ್ಟು ಮುಂಬಯಿಗೆ ಬಂದದ್ದು 1984ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಹತ್ತನೇ ತರಗತಿ ಮುಗಿಸಿದವರು ನಾವು. ಮಲಗುವುದು ಹೋಟೆಲಿನಲ್ಲೇ, ಮೇಜು ಜೋಡಿಸಿ. ಆಗ ಪಕ್ಕದ ಚಾಳಿನಲ್ಲಿ ಹಬ್ಬ ಯಾರದ್ದೇ ಆಗಲಿ, ತಟ್ಟೆ ಎಲ್ಲರ ಮನೆಗೂ ಹೋಗುತ್ತಿತ್ತು. ದೀಪಾವಳಿಗೆ ಫರಾಳ, ಈದ್‌ಗೆ ಶೀರ್ ಖುರ್ಮಾ, ಕ್ರಿಸ್‌ಮಸ್‌ಗೆ ಕುಸ್ವಾರ್. ಬಂದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದೆ ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವುದು ರೂಢಿ.

ಮಂಗಳೂರು ಕಡೆಯವರಿಗೆ ಕುಸ್ವಾರ್ ಎಂದರೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇವೆ. ಕ್ರಿಸ್ತ ಬಾಂಧವರು ಹಬ್ಬಕ್ಕೆ ಮಾಡುವ ತಿಂಡಿಗಳ ಗುಂಪಿಗೆ ಆ ಹೆಸರು. ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಯಲ್ಲಿ ಬಿಡಿಸುವ ಕೊಕ್ಕಿಸಾಂ, ಬಾಚಣಿಗೆಯ ಮೇಲೆ ಉರುಟಿ ಗೀರು ಮೂಡಿಸಿ ಕರಿದು ಸಕ್ಕರೆ ಪಾಕ ಹಿಡಿಸಿದ ಕಿಡಿಯೊ, ಅಕ್ಕಿ ಹಿಟ್ಟು ಮತ್ತು ತೆಂಗಿನ ಹಾಲಿನ ಗುಳಿಯೊ, ನೆವ್ರಿ, ಚಕ್ಕುಲಿ, ಜೊತೆಗೆ ಒಂದು ತುಂಡು ಕೇಕು.

ಚಾಳಿನಲ್ಲಿದ್ದ ಒಬ್ಬ ಬಾಯಮ್ಮ ಪ್ರತಿ ಡಿಸೆಂಬರಿನಲ್ಲೂ ಹೋಟೆಲಿನ ಹುಡುಗರಿಗೆಂದೇ ಒಂದು ತಟ್ಟೆ ಬೇರೆ ತೆಗೆದಿಡುತ್ತಿದ್ದರು. ನಮ್ಮೊಡನೆ ತುಳುವಿನಲ್ಲೇ ಮಾತು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಯಲ್ಲಿ ಜೋಗೇಶ್ವರಿ ಏನು ಕಂಡಿತೆಂದು ಹಳಬರಿಗೆ ಗೊತ್ತಿದೆ. ಆ ಡಿಸೆಂಬರಿನಲ್ಲೂ, ಯಾರೂ ಯಾರ ಬಾಗಿಲನ್ನೂ ತಟ್ಟಲು ಹೆದರುವ ಹೊತ್ತಿನಲ್ಲಿ, ಅವರು ಹಿಂಬಾಗಿಲಿಗೆ ಬಂದು ಡಬ್ಬಿ ಕೊಟ್ಟು ಹೋದರು. ಆಮೇಲೆ ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ತಟ್ಟೆ ಹೋಗುವುದು ಕಡಿಮೆಯಾಯಿತು. ಮುಂದೆ ಚಾಳುಗಳು ಬಿದ್ದು ಟವರುಗಳು ಎದ್ದವು. ಈಗ ಪಕ್ಕದ ಫ್ಲಾಟಿಗೆ ಹೋಗಬೇಕಾದರೂ ಮೊದಲು ಫೋನು ಮಾಡಬೇಕು.

ನಾವು ಹೋಟೆಲನ್ನು ಮೊದಲು ಕಂಡಕ್ಟಿಂಗ್‌ನಲ್ಲಿ ನಡೆಸಿ, ಆಮೇಲೆ ಸ್ವಂತ ಮಾಡಿಕೊಂಡೆವು. ಬಾಯಮ್ಮ ಸಂಜೆ ನಾಲ್ಕಕ್ಕೆ ಕಾಫಿಗೆ ಬರುತ್ತಿದ್ದರು. 2015ರ ಡಿಸೆಂಬರಿನಲ್ಲಿ ಒಂದು ದಿನ ಗೆಳತಿಯೊಬ್ಬರ ಜೊತೆ ಕೂತು, ಚೀಲದಿಂದ ಡಬ್ಬಿ ತೆಗೆದು ಕಿಡಿಯೊ ಕೊಟ್ಟರು. ಹೊಸ ಕ್ಯಾಪ್ಟನ್ ಹೋಗಿ ಬೋರ್ಡಿನ ಕಡೆ ಬೆರಳು ತೋರಿಸಿದ. ಅವನ ಮೇಲೆ ತಪ್ಪು ಹೊರಿಸುವುದಿಲ್ಲ, ನಾವೇ ಕಲಿಸಿದ್ದು. ನಾವು ಗಲ್ಲಾದಲ್ಲೇ ಇದ್ದೆವು. ಕಂಡಿತು. ಎದ್ದು ಹೋಗಿ ‘ಇರಲಿ ಬಾಯಮ್ಮ’ ಎನ್ನುವಷ್ಟು ಪುರುಸೊತ್ತು ಇರಲಿಲ್ಲವೆಂದಲ್ಲ, ಬುದ್ಧಿ ಬರಲಿಲ್ಲ. ಅವರು ಡಬ್ಬಿ ಮುಚ್ಚಿದರು, ಬಿಲ್ ಕೊಟ್ಟರು, ಹೋದರು. ಮೂವತ್ತು ವರ್ಷ ಅವರ ಮನೆಯ ತಿಂಡಿ ತಿಂದ ನಾವು ಅವರಿಗೆ ಬೋರ್ಡ್ ತೋರಿಸಿದ ಹಾಗಾಯಿತು. ಅವರು ಮತ್ತೆ ಕಾಫಿಗೆ ಬರಲಿಲ್ಲ.

2023ರ ನವೆಂಬರಿನಲ್ಲಿ ಎದುರಿನ ಟವರಿನ ಒಬ್ಬ ಹುಡುಗಿ ನಮ್ಮ ಮೇಲಿನ ಹಾಲ್ ಕೇಳಿಕೊಂಡು ಬಂದಳು. ಕ್ರಿಸ್‌ಮಸ್‌ಗೆ ‘ಕುಕಿ ಸ್ವಾಪ್ ಪಾರ್ಟಿ’ ಮಾಡಬೇಕಂತೆ. ಹಾಗೆಂದರೇನೆಂದು ಕೇಳಿದೆವು. ಅಮೆರಿಕದಲ್ಲಿ ಇದು ಹಳೆಯ ರೂಢಿಯಂತೆ. ಹತ್ತು ಮನೆಯವರು ಸೇರುವುದು, ಪ್ರತಿ ಮನೆಯವರು ಒಂದೇ ಬಗೆಯ ತಿಂಡಿ ಮಾಡಿ ಹತ್ತು ಪೊಟ್ಟಣ ತರುವುದು, ಹಿಂದೆ ಹೋಗುವಾಗ ತಮ್ಮದೂ ಸೇರಿ ಹತ್ತು ಬಗೆಯ ಒಂದೊಂದು ಪೊಟ್ಟಣ ಒಯ್ಯುವುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹತ್ತು ಬಗೆ ಮಾಡಲು ಯಾರಿಗೆ ಸಮಯ? ಒಂದನ್ನು ಚೆನ್ನಾಗಿ ಮಾಡಿದರೆ ಸಾಕು. ನಮಗೆ ಅನಿಸಿತು, ಇದು ಬಾಯಮ್ಮನ ತಟ್ಟೆಯೇ, ಲೆಕ್ಕ ಮಾತ್ರ ಹೊಸದು.

ತೊಂದರೆ ಇದ್ದದ್ದು ಮೊಟ್ಟೆಯದು. ನಮ್ಮದು ಶುದ್ಧ ಶಾಕಾಹಾರಿ. ಕೇಕಿಗೆ ಮೊಟ್ಟೆ ಬೇಕು, ಕೆಲವರು ರಮ್ ಹಾಕುತ್ತಾರೆ, ಕೊಕ್ಕಿಸಾಂಗೂ ಮೊಟ್ಟೆ ಹಾಕುವ ಮನೆಗಳಿವೆ. ನಮ್ಮ ಹಸಿರು ಚುಕ್ಕಿ ನಂಬಿ ಬರುವ ಜೈನ, ಗುಜರಾತಿ ಗಿರಾಕಿಗೆ ಮೋಸವಾಗಬಾರದು. ಆ ಹುಡುಗಿಯೊಡನೆ ಕೂತು ಹೀಗೆ ತೀರ್ಮಾನ ಮಾಡಿದೆವು: ಪೊಟ್ಟಣ ಮನೆಯಲ್ಲೇ ಕಟ್ಟಿ ತರಬೇಕು, ಬಿಚ್ಚುವುದು ಮನೆಗೆ ಹೋದ ಮೇಲೆ, ನಮ್ಮ ಪಾತ್ರೆ ಮತ್ತು ಅಡುಗೆಮನೆ ಮುಟ್ಟುವಂತಿಲ್ಲ. ಅಲ್ಲೇ ತಿನ್ನಲು ನಮ್ಮ ಕಾಫಿ, ಮೆದುವಡೆ, ನಮ್ಮ ಭಟ್ಟರ ಚಕ್ಕುಲಿ.

ಪಾರ್ಟಿ ನಡೆಯಿತು, 2024ರಲ್ಲೂ ನಡೆಯಿತು. ಬಂದವರಲ್ಲಿ ಕ್ರೈಸ್ತರು ನಾಲ್ಕೇ ಮನೆ. ಮುಸ್ಲಿಂ ಮನೆಯೊಂದರಿಂದ ನಾನ್‌ಖಟಾಯಿ ಬಂತು, ಮರಾಠಿ ಮನೆಯಿಂದ ಕರಂಜಿ, ಬಾಂದ್ರಾದಲ್ಲಿ ತವರಿದ್ದ ಈಸ್ಟ್ ಇಂಡಿಯನ್ ಹೆಂಗಸಿನಿಂದ ಪೇರಳೆ ಹಣ್ಣಿನ ಚೀಸ್. ಕರಂಜಿ ಮತ್ತು ನೆವ್ರಿ ಪಕ್ಕಪಕ್ಕ ಇಟ್ಟಾಗ ಯಾವುದು ಯಾವುದೆಂದು ಗುರುತು ಸಿಗಲಿಲ್ಲ. ಒಬ್ಬರು ಒಳಗೆ ಎಳ್ಳು ದ್ರಾಕ್ಷಿ ಎಂದರು, ಇನ್ನೊಬ್ಬರು ಗಸಗಸೆ ರವೆ ಎಂದರು. ನಮ್ಮ ಭಟ್ಟರು ಕೆಳಗಿನಿಂದ ಬಂದು ‘ಎರಡೂ ನಮ್ಮ ಕರ್ಜಿಕಾಯಿ’ ಎಂದರು. ಒಂದೇ ಲಿಫ್ಟಿನಲ್ಲಿ ಆರು ವರ್ಷ ಓಡಾಡಿದ ಇಬ್ಬರು ಹೆಂಗಸರು ಅಂದು ಮೊದಲ ಸಲ ಒಬ್ಬರ ಹೆಸರು ಒಬ್ಬರು ಕೇಳಿದರು.

ತಪ್ಪುಗಳೂ ಆದವು, ಮಾಡುವವರಿಗೆ ಉಪಯೋಗವಾದೀತೆಂದು ಹೇಳುತ್ತೇವೆ. ಮೊದಲ ವರ್ಷ ಕೇಕು ಮತ್ತು ಕಿಡಿಯೊ ಒಂದೇ ಡಬ್ಬಿಯಲ್ಲಿ ಹೋದವು. ಕೇಕಿನ ತೇವಕ್ಕೆ ಕಿಡಿಯೊ ಮೆತ್ತಗಾಯಿತು. ಮೆದು ತಿಂಡಿ, ಗರಿಗರಿ ತಿಂಡಿ ಬೇರೆ ಬೇರೆ ಇಡಬೇಕು, ಇಡ್ಲಿ ಹಬೆಯ ಹತ್ತಿರವಂತೂ ಇಡಲೇಬಾರದು. ಒಂದು ಮಗುವಿಗೆ ನೆಲಗಡಲೆ ಆಗುವುದಿಲ್ಲವೆಂದು ಕೊನೆಗೆ ತಿಳಿಯಿತು. ಮರು ವರ್ಷದಿಂದ ಪ್ರತಿ ಪೊಟ್ಟಣಕ್ಕೂ ಚೀಟಿ: ಏನು ಹಾಕಿದೆ, ಮೊಟ್ಟೆ ಇದೆಯೇ, ಕಡಲೆ ಗೋಡಂಬಿ ಇದೆಯೇ, ಯಾವ ದಿನ ಮಾಡಿದ್ದು, ಎಷ್ಟು ದಿನ ಇಡಬಹುದು. ಬಿಡಿಯಾಗಿ ಮಾರುವ ಮಿಠಾಯಿಗೂ ಎಷ್ಟರೊಳಗೆ ತಿನ್ನಬೇಕೆಂದು ತಾರೀಕು ತೋರಿಸುವ ನಿಯಮ 2020ರ ಅಕ್ಟೋಬರ್ 1ರಿಂದ ಬಂದದ್ದು ನಿಮಗೆ ಗೊತ್ತು. ಮಾರುವ ಅಂಗಡಿಗೆ ಒಳ್ಳೆಯದಾದದ್ದು ಹಂಚುವ ಮನೆಗೂ ಒಳ್ಳೆಯದೇ. ಇನ್ನೊಂದು ಮಾತು, ಮಿಕ್ಕಿದ ಪೊಟ್ಟಣವನ್ನು ಆಸೆಯಿಂದ ನಮ್ಮ ಕೌಂಟರಿನಲ್ಲಿಟ್ಟು ಮಾರಲು ಹೋಗಬೇಡಿ. ಮಾರಿದ ಕ್ಷಣವೇ ಹೊಣೆ ನಮ್ಮದಾಗುತ್ತದೆ.

ಲಾಭ ಎಷ್ಟು ಎಂದು ಕೇಳುವಿರಿ. 2024ರಲ್ಲಿ 32 ಜನ, ತಲೆಗೆ 150 ರೂಪಾಯಿ, ಒಟ್ಟು 4,800 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ಮೂರೂವರೆಯಿಂದ ಆರರವರೆಗೆ ಖಾಲಿ ಬಿದ್ದಿರುವ ಹಾಲ್ ಅದು. ಆಮೇಲೆ ಅದೇ ಟವರಿನಿಂದ ಒಂದು ನಾಮಕರಣ, ಎರಡು ಹುಟ್ಟುಹಬ್ಬದ ಆರ್ಡರ್ ಬಂದವು. ‘ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ತರುತ್ತಾರೆ’ ಎಂದು ಕೆಲವು ಮಿತ್ರರು ಹೇಳಿದರು. ಎರಡು ವರ್ಷದಲ್ಲಿ ಹಾಗಾಗಲಿಲ್ಲ. ವಡಾಪಾವ್ ತರುವವನಿಗೂ ಹಬ್ಬದ ಡಬ್ಬಿ ತರುವವರಿಗೂ ಇರುವ ವ್ಯತ್ಯಾಸ ಗಿರಾಕಿಗಳಿಗೇ ಗೊತ್ತಿದೆ. ಗೊತ್ತಿಲ್ಲದಿದ್ದದ್ದು ನಮಗೆ.

ಆದ್ದರಿಂದ ನಮ್ಮ ವಿನಂತಿ ಎರಡೇ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಿಮ್ಮ ಸುತ್ತಲಿನ ಮನೆಗಳಿಗೆ ಹಾಲ್ ಬಿಟ್ಟುಕೊಡಿ. ಹಾಲ್ ಇಲ್ಲದವರು ಮೂಲೆಯ ಎರಡು ಮೇಜು ಕೊಟ್ಟರೂ ಆದೀತು. ಎರಡನೆಯದು, ಬೋರ್ಡ್ ತೆಗೆಯಬೇಡಿ, ಅದರ ಕೆಳಗೆ ಒಂದು ಸಾಲು ಸೇರಿಸಿ: ‘ಹಬ್ಬದ ತಿಂಡಿ ಹಂಚುವುದಿದ್ದರೆ ಗಲ್ಲಾದಲ್ಲಿ ಕೇಳಿ’. ಬೆರಳು ತೋರಿಸುವ ಮೊದಲು ಒಂದು ಮಾತು ಗಲ್ಲಾಕ್ಕೆ ಬಂದು ಕೇಳಲು ಕ್ಯಾಪ್ಟನ್‌ಗೂ ಹೇಳಿಕೊಡಿ. ನಮ್ಮ ಹೋಟೆಲಿನಲ್ಲಿ ಈ ಸಾಲು ಬರೆಸಿ ಎರಡು ವರ್ಷವಾಯಿತು. ಪೇಂಟರಿಗೆ ಕೊಟ್ಟದ್ದು 300 ರೂಪಾಯಿ.

ಬಾಯಮ್ಮ ಈಗ ಮೀರಾ ರೋಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಎರಡು ವರ್ಷವೂ ಹೇಳಿ ಕಳಿಸಿದ್ದೆವು, ಬರಲಿಲ್ಲ. ವಯಸ್ಸಾಗಿದೆ, ರೈಲು ಹತ್ತಲು ಆಗುವುದಿಲ್ಲ ಎಂದರಂತೆ. ಈ ಸಲ ತಟ್ಟೆ ತೆಗೆದುಕೊಂಡು ನಾವೇ ಹೋಗಬೇಕೆಂದಿದ್ದೇವೆ. ಅವರ ತಟ್ಟೆಗಳ ಬಾಕಿ ನಮ್ಮ ಮೇಲೆ ಬಹಳ ಇದೆ.